ಶನಿವಾರದ ಕಬ್ಬಿಣ

ನಮ್ಮ ಭಾವನ ಹತ್ತಿರ ಇದ್ದಷ್ಟು ಮರಗೆಲಸದ ಸಾಮಾನು ಇಟ್ಟುಕೊಂಡು, ಅವರು ಮಾಡಿದಷ್ಟು ಕಡಿಮೆ ಮೇಜು ಕುರ್ಚಿ ಮಾಡಿದವರು ಇಡೀ ನ್ಯೂಜೆರ್ಸಿಯಲ್ಲಿ ಇನ್ನೊಬ್ಬರಿದ್ದರೆ ನನಗೆ ತೋರಿಸಿ, ಈ ಬರಹವನ್ನು ಇಲ್ಲಿಗೇ ನಿಲ್ಲಿಸುತ್ತೇನೆ. ಯಾರೂ ಇಲ್ಲವಲ್ಲ? ಹಾಗಾದರೆ ಮುಂದೆ ಕೇಳಿ. ಹೆಸರು ಮಾತ್ರ ಕೇಳಬೇಡಿ. ಅವರು ನನ್ನ ಸ್ವಂತ ಅಕ್ಕನ ಗಂಡ, ಮತ್ತು ನನ್ನ ಅಕ್ಕ ಕನ್ನಡ ಓದುತ್ತಾಳೆ.

ಭಾವ ಹುಟ್ಟು ಬಡಗಿಯಲ್ಲ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಪಾರ್ಸಿಪನಿಯಲ್ಲಿ ಸ್ವಂತ ಮನೆ ಮಾಡಿಕೊಂಡು, ದಿನಾ ಮ್ಯಾನ್‌ಹಟನ್ನಿನ ಒಂದು ಬ್ಯಾಂಕಿಗೆ ಕಮ್ಯೂಟ್ ಮಾಡುತ್ತಿದ್ದ ಮನುಷ್ಯ. ಎರಡು ಸಾವಿರದ ಎಂಟರಲ್ಲಿ ಬ್ಯಾಂಕುಗಳು ಒಂದರ ಹಿಂದೊಂದು ಮುಗ್ಗರಿಸಿದಾಗ ಇವರ ಕೈಗೂ ಒಂದು ರಟ್ಟಿನ ಪೆಟ್ಟಿಗೆ ಕೊಟ್ಟು ಮನೆಗೆ ಕಳಿಸಿದರು. ಬೇರೆಯವರಾಗಿದ್ದರೆ ರೆಸ್ಯೂಮೆ ತಿದ್ದುತ್ತಿದ್ದರು, ಸ್ನೇಹಿತರಿಗೆಲ್ಲ ಫೋನ್ ಮಾಡುತ್ತಿದ್ದರು, ಫ್ಲಶಿಂಗ್ ದೇವಸ್ಥಾನದ ಗಣಪತಿಗೆ ಹರಕೆ ಹೊರುತ್ತಿದ್ದರು. ಭಾವ ಗರಾಜಿನಿಂದ ಕಾರನ್ನು ಹೊರಗೆ ಹಾಕಿ, ಒಳಗೊಂದು ಹೀಟರ್ ಕೂರಿಸಿ, ಇವತ್ತಿನಿಂದ ಇದು ವರ್ಕ್‌ಶಾಪು ಎಂದು ಘೋಷಿಸಿದರು.

"ಏನು ಮಾಡ್ತೀರಿ ಅಲ್ಲಿ?" ಅಕ್ಕ ಕೇಳಿದಳು.

"ಫರ್ನಿಚರು. ಮಾಡಿ ಮಾರ್ತೀನಿ."

"ಮನೇಲಿ ಒಂದು ಮೊಳೆ ಹೊಡೆಯೋಕೆ ಆರು ತಿಂಗಳು ತಗೊಂಡೋರು ನೀವು."

"ಅದು ಸರಿಯಾದ ಸುತ್ತಿಗೆ ಇಲ್ದೇ ಇದ್ದಿದ್ದಕ್ಕೆ ಕಣೇ."

ನಾವೆಲ್ಲ ನಕ್ಕುಬಿಟ್ಟೆವು. ನಗಬಾರದಿತ್ತು. ಮುಂದೆ ನಡೆದದ್ದೆಲ್ಲ ಆ ಒಂದು ಮಾತಿನಲ್ಲೇ ಇತ್ತು. ಅಕ್ಕ ತಾನು ಕೆಲಸ ಮಾಡುತ್ತಿದ್ದ ಫಾರ್ಮಸಿಯಲ್ಲಿ ಇನ್ನೊಂದು ಶಿಫ್ಟ್ ಹಿಡಿದಳು. ಆದರೂ ಅವಳೊಬ್ಬಳ ದುಡಿಮೆಯಲ್ಲಿ ಆ ಮನೆಯ ಸಾಲದ ಕಂತು ಕಟ್ಟುವ ಹಾಗಿರಲಿಲ್ಲ. ಭಾವನ ಕೈಯಿಂದ ಏನಾದರೂ ತಯಾರಾಗಿ ಮಾರಾಟವಾದರೆ ಮನೆ ಉಳಿಯುತ್ತದೆ, ಇಲ್ಲವಾದರೆ ಬ್ಯಾಂಕಿನ ಪಾಲಾಗುತ್ತದೆ. ವಿಷಯ ಇಷ್ಟು ಸರಳವಾಗಿತ್ತು. ನಮ್ಮ ಭಾವನಿಗೆ ಕಷ್ಟದ ವಿಷಯಗಳೆಲ್ಲ ಅರ್ಥವಾಗುತ್ತವೆ, ಸರಳವಾದದ್ದು ಮಾತ್ರ ತಲೆಗೆ ಹೋಗುವುದಿಲ್ಲ.

ಮೇಜು ಮಾಡುವುದಕ್ಕೆ ಮೊದಲು ಮರವನ್ನು ನುಣುಪು ಮಾಡುವ ಹತ್ತರಿ ಬೇಕು. ಅಂಗಡಿಯಲ್ಲಿ ಹೊಸದು ಸಿಗುತ್ತದಲ್ಲ, ತಂದು ಶುರುಮಾಡಬಹುದಲ್ಲ? ಛೇ! ಹೊಸ ಹತ್ತರಿಯ ಉಕ್ಕಿನಲ್ಲಿ ಸತ್ವವಿಲ್ಲವಂತೆ. ಹಳೆಯದೇ ಆಗಬೇಕು. ಹಳೆಯದನ್ನು ಆರಿಸುವಾಗ ಭಾವ ಅದನ್ನು ಅಂಗೈಯಲ್ಲಿ ತೂಗಿ, ಒಂದು ಕಣ್ಣು ಮುಚ್ಚಿ ತಳ ಸಮವಾಗಿದೆಯೇ ಎಂದು ನೋಡಿ, ಹಿಡಿಯ ಮರವನ್ನು ಮೂಸಿ, ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ಮತ್ತೆ ನೋಡುತ್ತಿದ್ದರು. ನಮ್ಮ ಅಕ್ಕನನ್ನು ನೋಡಲು ಬಂದ ದಿನ ಉಪ್ಪಿಟ್ಟು ತಿಂದು ಸುಮ್ಮನೆ ಎದ್ದುಹೋದವರು ಇವರೇ!

ಹಳೆಯ ಸಾಮಾನಿಗೆ ಆ ವರ್ಷಗಳಲ್ಲಿ ಬರವಿರಲಿಲ್ಲ. ಬೀದಿಗೊಂದು ಗರಾಜ್ ಸೇಲ್. ಮನೆ ಬಿಟ್ಟು ಹೋಗುವವರು ಡ್ರೈವ್‌ವೇ ಮೇಲೆ ತಮ್ಮ ಸಂಸಾರವನ್ನೆಲ್ಲ ಹರಡಿಕೊಂಡು ಕೂತಿರುತ್ತಿದ್ದರು. ಕಾಫಿ ಕಪ್ಪು, ಮಗುವಿನ ಸ್ಕೇಟು, ಮದುವೆಗೆ ಬಂದ ಲ್ಯಾಂಪು. ನನಗೆ ಅಲ್ಲಿ ತಲೆಯೆತ್ತಿ ನಿಲ್ಲಲು ಆಗುತ್ತಿರಲಿಲ್ಲ. ಭಾವ ಅದನ್ನೆಲ್ಲ ದಾಟಿಕೊಂಡು ನೇರವಾಗಿ ಮೂಲೆಯಲ್ಲಿದ್ದ ಗರಗಸದ ಹತ್ತಿರ ಹೋಗುತ್ತಿದ್ದರು. ಈ ಮನುಷ್ಯನಿಗೆ ಬೇರೇನೂ ಕಾಣಿಸುವುದಿಲ್ಲವೇ ಎಂದು ಅಲ್ಲೇ ನಿಂತು ಹಲ್ಲು ಕಡಿಯುತ್ತಿದ್ದೆ.

ಈ ಸೇಲ್‌ಗಳು ನಡೆಯುವುದು ಶನಿವಾರ. ತೊಂದರೆ ಇದ್ದದ್ದೇ ಅಲ್ಲಿ. ಶನಿವಾರ ಕಬ್ಬಿಣವನ್ನು ಮನೆಗೆ ತರಬಾರದು ಎಂಬ ನಿಯಮ ನಿಮಗೆ ಗೊತ್ತಿರಬಹುದು. ಭಾವನಿಗೆ ಏಕಾದಶಿ ಯಾವತ್ತು ಎಂದು ತಿಳಿಯದು, ಸಂಧ್ಯಾವಂದನೆ ಮರೆತು ಯಾವ ಕಾಲವಾಯಿತೋ, ಆಫೀಸಿನ ಬಾರ್ಬೆಕ್ಯೂನಲ್ಲಿ ಏನು ತಿನ್ನುತ್ತಿದ್ದರು ಎಂಬುದನ್ನು ನಾನು ಬರೆಯುವುದಿಲ್ಲ. ಆದರೆ ಶನಿವಾರದ ಕಬ್ಬಿಣದ ವಿಷಯದಲ್ಲಿ ಮಾತ್ರ ಮಹಾ ಮಡಿವಂತರು. ಮೊದಲ ಶನಿವಾರವೇ ನಮ್ಮ ಮನೆಯ ಮುಂದೆ ಕಾರು ನಿಲ್ಲಿಸಿದರು.

"ಗರಾಜ್ ಬಾಗಿಲು ತೆಗೀಮ್ಮ ಸ್ವಲ್ಪ. ಇದನ್ನ ಇಲ್ಲಿಟ್ಟು ನಾಳೆ ಬೆಳಿಗ್ಗೆ ತಗೊಂಡು ಹೋಗ್ತೀನಿ. ಇವತ್ತು ಮನೆಗೆ ಕಬ್ಬಿಣ ತರೋ ಹಾಗಿಲ್ಲ."

"ಮತ್ತೆ ನಮ್ಮನೆ ಮನೆ ಅಲ್ವಾ ಭಾವ?"

"ನಿಮ್ಮದು ಬಾಡಿಗೆ ಮನೆ ಕಣಮ್ಮ. ತಟ್ಟೋದಾದ್ರೆ ಓನರ್‌ಗೆ ತಟ್ಟುತ್ತೆ."

ಓನರಿಗೆ ಏನೂ ತಟ್ಟಲಿಲ್ಲ. ಬಾಡಿಗೆ ಏರಿಸಿಕೊಂಡು ಆರಾಮವಾಗಿದ್ದ. ನನ್ನ ಗಂಡನ ಕಾಂಟ್ರಾಕ್ಟ್ ಮಾತ್ರ ಅರ್ಧದಲ್ಲೇ ನಿಂತಿತು. ನಾನು ಯಾರನ್ನೂ ದೂರುತ್ತಿಲ್ಲ. ಸುಮ್ಮನೆ ಹೇಳಿದೆ.

ತಂದ ಮೇಲೆ ಹರಿತ ಮಾಡಬೇಕು. ಯಾವಾಗ ಫೋನ್ ಮಾಡಿದರೂ ಅಕ್ಕನ ಮಗಳು, "ಡ್ಯಾಡ್ ಈಸ್ ಶಾರ್ಪನಿಂಗ್, ಚಿಕ್ಕಮ್ಮ" ಎನ್ನುತ್ತಿದ್ದಳು. ಉಳಿ ಹರಿತವಾಗಿದೆಯೇ ಎಂದು ಭಾವ ತಮ್ಮ ಎಡಗೈಯ ಕೂದಲು ಬೋಳಿಸಿ ಪರೀಕ್ಷೆ ಮಾಡುತ್ತಿದ್ದರು. ಮೊಣಕೈವರೆಗೂ ಒಂದೇ ಒಂದು ಕೂದಲು ಉಳಿಯಲಿಲ್ಲ. ಆ ವರ್ಕ್‌ಶಾಪಿನಲ್ಲಿ ಮೊದಲು ನುಣುಪಾದ ವಸ್ತು ಅದೇ. ಆಮೇಲೆ ಉಳಿಗಳನ್ನು ಇಡಲು ಒಂದು ಕಪಾಟು ಮಾಡಿದರು, ಕಪಾಟು ಮಾಡಲು ಇನ್ನಷ್ಟು ಉಳಿ ತಂದರು, ಅವಕ್ಕೆ ಆ ಕಪಾಟಿನಲ್ಲಿ ಜಾಗವಿರಲಿಲ್ಲ.

ಹೀಗಿರುವಾಗ ಒಂದು ಆರ್ಡರ್ ಬಂತು. ಹೋಬೋಕನ್ನಿನಲ್ಲಿ ಹೊಸದಾಗಿ ಕೆಫೆ ತೆರೆಯುತ್ತಿದ್ದ ಒಬ್ಬ ಅಮೆರಿಕನ್, ಅಕ್ಕನ ಸಹೋದ್ಯೋಗಿಯ ತಮ್ಮ. ಮೊದಲು ಒಂದು ಮೇಜು ಮಾಡಿಕೊಡಿ, ಇಷ್ಟವಾದರೆ ಇಡೀ ಕೆಫೆಯ ಮೇಜುಗಳೆಲ್ಲ ನಿಮ್ಮವೇ ಎಂದ. ಅಷ್ಟು ಸಿಕ್ಕಿದ್ದರೆ ಮನೆ ಉಳಿಯುತ್ತಿತ್ತು. ಅಕ್ಕ ಅವತ್ತು ಶ್ಯಾವಿಗೆ ಪಾಯಸ ಮಾಡಿ ನಮ್ಮನ್ನೆಲ್ಲ ಕರೆದಳು. ಎರಡು ಶಿಫ್ಟಿನ ದಣಿವು ಮರೆತು ಅವಳು ನಿಂತು ಬಡಿಸಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ.

ಹೊಟ್ಟೆಕಿಚ್ಚಿಲ್ಲದೆ ಒಪ್ಪಿಕೊಳ್ಳುತ್ತೇನೆ, ಭಾವ ಆ ಮೇಪಲ್ ಹಲಗೆಗಳನ್ನು ಬಹಳ ಚೆನ್ನಾಗಿ ಹತ್ತರಿ ಹೊಡೆದರು. ಇನ್ನು ಹಲಗೆಗಳನ್ನು ಪಕ್ಕಪಕ್ಕಕ್ಕೆ ಜೋಡಿಸಿ, ಅಂಟು ಹಾಕಿ, ಉದ್ದನೆಯ ಕಬ್ಬಿಣದ ಕ್ಲ್ಯಾಂಪುಗಳಲ್ಲಿ ಬಿಗಿದು ಒಣಗಿಸಬೇಕು. ಮನೆ ತುಂಬ ಸಾಮಾನಿದ್ದವರ ಹತ್ತಿರ ಉದ್ದನೆಯ ಕ್ಲ್ಯಾಂಪ್ ಒಂದೂ ಇರಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿತು. ಯಾವತ್ತು? ಶನಿವಾರ. ವಾರದ ನಡುವೆ ಮೇಜು ಕೊಡಬೇಕು, ಅವತ್ತೇ ಅಂಟಿಸದಿದ್ದರೆ ಪಾಲಿಶ್ ಒಣಗಲು ಸಮಯ ಸಾಲದು. ಕ್ಲ್ಯಾಂಪು ಎಂದಿನಂತೆ ನಮ್ಮ ಗರಾಜಿಗೆ ಬಂತು. ಸ್ವಲ್ಪ ಹೊತ್ತಿಗೆ ಹಿಂದೆಯೇ ಹಲಗೆಗಳೂ ಬಂದವು.

"ಇದೇನು ಭಾವ?"

"ಕಬ್ಬಿಣ ಮರದ ಹತ್ರ ಹೋಗೋ ಹಾಗಿಲ್ಲ. ಮರ ಕಬ್ಬಿಣದ ಹತ್ರ ಬರಬಹುದಲ್ಲ."

"ಜನವರಿ ಭಾವ ಇದು. ನಮ್ಮ ಗರಾಜಿನಲ್ಲಿ ಹೀಟರ್ ಇಲ್ಲ. ಬಕೆಟ್ಟಲ್ಲಿ ನೀರು ಹೆಪ್ಪುಗಟ್ಟಿದೆ ನೋಡಿ."

"ಅಂಟು ನೀರಲ್ಲಮ್ಮ."

ಅಂಟಿನ ಬಾಟಲಿಯ ಹಿಂದೆ, ಚಳಿಯಲ್ಲಿ ಉಪಯೋಗಿಸಬೇಡಿ ಎಂದು ಅಚ್ಚು ಹಾಕಿತ್ತು. ಆಮೇಲೆ ನಾನು ಓದಿದೆ. ಯಾವ ಕಾಲದ ಉಕ್ಕು ಹೇಗಿತ್ತು ಎಂದು ಗಂಟೆಗಟ್ಟಲೆ ಹೇಳಬಲ್ಲ ಭಾವ ಆ ಬಾಟಲಿಯನ್ನು ತಿರುಗಿಸಿ ನೋಡಿರಲಿಲ್ಲ.

ಮೇಜನ್ನು ನಮ್ಮ ವ್ಯಾನಿನಲ್ಲೇ ಹೋಬೋಕನ್ನಿಗೆ ಒಯ್ದೆವು. ಅಕ್ಕನಿಗೆ ರಜೆ ಸಿಗಲಿಲ್ಲ, ನಾನೇ ಡ್ರೈವ್ ಮಾಡಿದೆ. ಕೆಫೆಯವನು ಮೇಜಿನ ಮೇಲೆ ಕೈಯಾಡಿಸಿ ಬ್ಯೂಟಿಫುಲ್ ಎಂದ. ನಾನು ಮನಸ್ಸಿನಲ್ಲೇ ಅಕ್ಕನಿಗೆ ಫೋನ್ ಮಾಡಿಯೂ ಆಯಿತು. ಅವನು ಮಾತಾಡುತ್ತ ಎರಡೂ ಕೈ ಊರಿ ಮೇಜಿನ ಮೇಲೆ ಸ್ವಲ್ಪ ಬಾಗಿದ. ಟಪ್ ಎಂದಿತು. ನಡುಮಧ್ಯದ ಕೂಡಿಕೆ ಬಾಯಿಬಿಟ್ಟಿತು. ಒಳಗೆ ಅಂಟು ಇರಬೇಕಾದ ಕಡೆ ಸುಣ್ಣದ ಪುಡಿಯಂಥ ಬಿಳಿಯ ಪುಡಿ. ಪಾಪ, ಆ ಮನುಷ್ಯ ತಾನೇ ಮುರಿದವನ ಹಾಗೆ ಸಾರಿ ಕೇಳಿದ. ಮರ್ಯಾದೆಯಿಂದಲೇ ನಮ್ಮನ್ನು ಬಾಗಿಲವರೆಗೆ ಬೀಳ್ಕೊಟ್ಟ. ಮೇಜುಗಳನ್ನು ಬೇರೆ ಕಡೆಯಿಂದ ತರಿಸಿಕೊಂಡ.

ವಾಪಸು ಬರುವಾಗ ನನಗೆ ತಡೆಯಲಾಗಲಿಲ್ಲ. "ಒಂದೇ ಒಂದು ಶನಿವಾರ, ಶನಿವಾರ ಅನ್ನೋದನ್ನ ಮರೆತಿದ್ರೆ ಏನಾಗ್ತಿತ್ತು ಭಾವ?" ಎಂದೆ.

 ಭಾವ, "ನಮ್ಮಮ್ಮ ಹೇಳಿದ್ದರಲ್ಲಿ ನಾನು ನಡೆಸ್ಕೊಂಡು ಬಂದಿರೋದು ಅದೊಂದೇ ಕಣಮ್ಮ" ಎಂದರು. ನಾನು ವ್ಯಾನಿನ ವೇಗ ಹೆಚ್ಚಿಸಿದೆ. 

ಬೇಸಿಗೆಯ ಹೊತ್ತಿಗೆ ಮನೆ ಹೋಯಿತು. ಹೋಗುವುದಕ್ಕೆ ಮೊದಲು ಅಕ್ಕನ ಡ್ರೈವ್‌ವೇ ಮೇಲೂ ಒಂದು ಗರಾಜ್ ಸೇಲ್ ನಡೆಯಿತು. ಅದೂ ಶನಿವಾರವೇ. ಜನ ಬಂದು, ಹತ್ತರಿ, ಉಳಿ, ಕ್ಲ್ಯಾಂಪುಗಳನ್ನೆಲ್ಲ ಯಾವ ಯೋಚನೆಯೂ ಇಲ್ಲದೆ ನೇರವಾಗಿ ತಮ್ಮ ತಮ್ಮ ಮನೆಗೆ ತೆಗೆದುಕೊಂಡು ಹೋದರು. ಅವರೆಲ್ಲ ಚೆನ್ನಾಗಿಯೇ ಇದ್ದಿರಬೇಕು.

ಬೀಗದ ಕೈ ಒಪ್ಪಿಸುವ ದಿನ ಸಾಮಾನು ಸಾಗಿಸಲು ನಾನು ಹೋದೆ. ಇಷ್ಟು ದಿನ ಅಕ್ಕನ ಮುಖ ನೋಡಿ ನುಂಗಿಕೊಂಡದ್ದನ್ನೆಲ್ಲ ಇವತ್ತು ಭಾವನಿಗೆ ಅಂದುಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಮೇಲೆ ಹೋಗಿ ನೋಡಿದರೆ ಭಾವ ಮಲಗುವ ಕೋಣೆಯ ಬಾಗಿಲನ್ನು ಕಳಚಿ ಗೋಡೆಗೆ ಆನಿಸಿ, ಯಾರೂ ಕೊಳ್ಳದೆ ಉಳಿದ ಒಂದು ಮುಕ್ಕಾದ ಹತ್ತರಿಯಿಂದ ಅದರ ಅಂಚು ತೀಡುತ್ತಿದ್ದರು. ಆ ಮನೆ ಕೊಂಡಾಗಿನಿಂದ ಆ ಬಾಗಿಲು ಚೌಕಟ್ಟಿಗೆ ಕಚ್ಚುತ್ತಿತ್ತಂತೆ. ಅಕ್ಕ ದಿನಾ ಭುಜ ಕೊಟ್ಟು ನೂಕಿಯೇ ಹಾಕಬೇಕಿತ್ತಂತೆ.

"ಭಾವ, ಈ ಮನೆ ಇನ್ನು ನಿಮ್ಮದಲ್ಲ."

"ಗೊತ್ತು. ಆ ತುದಿ ಸ್ವಲ್ಪ ಹಿಡ್ಕೋಮ್ಮ, ಅಲ್ಲಾಡುತ್ತೆ."

ಬೈಯಲು ಬಂದವಳು ಬಾಗಿಲು ಹಿಡಿದುಕೊಂಡು ನಿಂತೆ. ಮರದ ಸುರುಳಿಗಳು ನನ್ನ ಪಾದದ ಮೇಲೆ ಬೀಳುತ್ತಿದ್ದವು. ಭಾವ ಬಾಗಿಲನ್ನು ಮತ್ತೆ ಕೀಲುಗಳಿಗೆ ಏರಿಸಿ, ಕೆಳಗಿದ್ದ ಅಕ್ಕನನ್ನು ಕರೆದರು. ಅಕ್ಕ ಮೇಲೆ ಬಂದು, ನಮ್ಮಿಬ್ಬರನ್ನೂ ನೋಡಿ, ಖಾಲಿ ಕೋಣೆಯ ಒಳಗೆ ಹೋಗಿ, ಒಂದೇ ಬೆರಳಿನಲ್ಲಿ ಬಾಗಿಲನ್ನು ದೂಡಿದಳು. ಅದು ಸದ್ದಿಲ್ಲದೆ ಮುಚ್ಚಿಕೊಂಡಿತು.

ಬಹಳ ಹೊತ್ತಾದರೂ ತೆರೆಯಲಿಲ್ಲ. ಒಳಗಿನಿಂದ ಅವಳು ಅಳುತ್ತಿರುವುದು ಕೇಳಿಸಿತು. ಭಾವ ಹತ್ತರಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿನ ಹತ್ತಿರ ಬಾಗಿ, "ಸರಿಯಾಗಿ ಕೂತಿದೆಯೇನೇ?" ಎಂದರು.

"ಕೂತಿದೆ ರೀ," ಎಂದಳು ಅಕ್ಕ ಒಳಗಿನಿಂದಲೇ. "ತುಂಬ ಚೆನ್ನಾಗಿ ಕೂತಿದೆ."