ಸರ್ವೆ ಗುಡಾರದಲ್ಲಿ ಒಂದು ಶನಿವಾರ

ಭಾನುವಾರವನ್ನು ಕಂಡುಹಿಡಿದವನು ಖಂಡಿತ ಸಂಸಾರಸ್ಥನಿರಬೇಕು. ಹೆಂಡತಿ ಮಕ್ಕಳು, ಬಂದು ಹೋಗುವ ನೆಂಟರು ಇರುವವನಿಗೆ ಅದು ರಜೆ. ಬಾಡಿಗೆ ಕೋಣೆಯ ಬ್ರಹ್ಮಚಾರಿಗೆ ಅದು ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಹೊತ್ತು ತಿರುಗಬೇಕಾದ ಹೊರೆ. ರಾಜ್ಯಗಳು ಒಂದಾದ ಮೇಲೆ ತುಮಕೂರು ಕಡೆಯಿಂದ ವರ್ಗವಾಗಿ ಬಂಟ್ವಾಳದ ಒಂದು ಸರ್ಕಾರಿ ಕಚೇರಿಗೆ ಗುಮಾಸ್ತನಾಗಿ ಬಂದಿದ್ದ ನಾನು ಆ ಹೊರೆಯನ್ನು ಸಾಮಾನ್ಯವಾಗಿ ಬಸ್‌ಸ್ಟ್ಯಾಂಡಿನಲ್ಲಿ ಇಳಿಸುತ್ತಿದ್ದೆ. ಒಗೆದ ಅಂಗಿ ತೊಟ್ಟು ಅಲ್ಲಿ ನಿಂತು, ಬೆಳ್ತಂಗಡಿಗೆ ಹೋಗುವ ಬಸ್ಸು, ಮೂಡಬಿದಿರೆಯಿಂದ ಬರುವ ಬಸ್ಸು, ಎಲ್ಲವನ್ನೂ ನೋಡುತ್ತಿದ್ದೆ. ಯಾರೂ ನನಗಾಗಿ ಇಳಿಯುತ್ತಿರಲಿಲ್ಲ. ಕೊನೆಗೆ ಒಬ್ಬ ಕಂಡಕ್ಟರ್ ಕನಿಕರಪಟ್ಟು, "ನಿಮಗೆ ಯಾವ ಬಸ್ಸು ತಪ್ಪಿತು ಸ್ವಾಮಿ?" ಎಂದು ಕೇಳಿದ ಮೇಲೆ ಆ ವಿಹಾರವನ್ನೂ ನಿಲ್ಲಿಸಿದೆ.

ಜನ ಕೆಟ್ಟವರಲ್ಲ. ಕಚೇರಿಯಲ್ಲಿ ನನ್ನೊಡನೆ ಎಲ್ಲರೂ ಪುಸ್ತಕದಷ್ಟು ಶುದ್ಧವಾದ ಕನ್ನಡ ಆಡುತ್ತಿದ್ದರು. ಆದರೆ ಚಹಾ ಬಂದ ಕೂಡಲೇ ತುಳು ಶುರು. ಆಗ ನಡೆಯುವ ನಗು ಏನು, ಮೇಜು ಬಡಿಯುವುದೇನು! ನಾನೂ ಅಂದಾಜಿನ ಮೇಲೆ ನಗುತ್ತಿದ್ದೆ. ಒಮ್ಮೆ ಹೀಗೆ ಮನಸಾರೆ ನಕ್ಕಾಗ ಎಲ್ಲರೂ ಗಕ್ಕನೆ ಸುಮ್ಮನಾದರು. ಹೆಡ್ ಗುಮಾಸ್ತರಾದ ಶೆಟ್ಟರು ಮೆಲ್ಲಗೆ, "ಅವರ ಮಾವ ತೀರಿಕೊಂಡ ವಿಷಯ ಹೇಳ್ತಾ ಇದ್ರು" ಎಂದರು. ಅಂದಿನಿಂದ ತುಳುವಿನಲ್ಲಿ ಏನೇ ನಡೆದರೂ ಮುಖವನ್ನು ಅರ್ಧ ನಗು ಅರ್ಧ ದುಃಖದಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಮಾಡಿಕೊಂಡೆ. ಅದು ಇಂದಿಗೂ ಪೂರ್ತಿ ಹೋಗಿಲ್ಲ. ನನ್ನ ಮದುವೆಯ ಫೋಟೋದಲ್ಲಿ ಕಾಣಬಹುದು.

ಇಂಥ ದಿನಗಳಲ್ಲಿ ಕ್ಯಾಂಪಿನ ಯೋಚನೆ ಹೊಳೆಯಿತು. ಕಾಲೇಜಿನಲ್ಲಿ ಒಮ್ಮೆ ಗುಡಾರ ಹಾಕಿ ಗೆಳೆಯರೊಂದಿಗೆ ಮಲಗಿದ್ದೆ. ಒಂದೇ ಗುಡಾರದಲ್ಲಿ ಮಲಗಿದವರು ಸಾಯುವವರೆಗೂ ಸ್ನೇಹಿತರಾಗಿರುತ್ತಾರೆ ಎಂಬುದು ನನ್ನ ನಂಬಿಕೆಯಾಗಿತ್ತು. ಶೆಟ್ಟರ ಮುಂದೂ ಟೈಪಿಸ್ಟ್ ಫೆಲಿಕ್ಸ್ ಮುಂದೂ ಪ್ರಸ್ತಾಪ ಇಟ್ಟೆ.

"ಹೋಗುವ ಮಾರಾಯ್ರೆ!" ಎಂದರು ಶೆಟ್ಟರು. "ಪುಂಜಾಲಕಟ್ಟೆಯ ಈಚೆ ಒಂದು ಗುಡ್ಡೆ ಉಂಟು. ಮೇಲೆ ಚಪ್ಪಟೆ ಪಾದೆಕಲ್ಲು. ಗಾಳಿ ಅಂದ್ರೆ ಗಾಳಿ! ಗುಡಾರದ ಚಿಂತೆ ನಿಮಗೆ ಬೇಡ."

"ನಾನು ಗಿಟಾರು ತರ್ತೇನೆ" ಎಂದ ಫೆಲಿಕ್ಸ್.

ನವರಾತ್ರಿ ಕಳೆದಿತ್ತು. ಮಳೆ ಮುಗಿದ ಹಾಗೆಯೇ ಎಂದು ಶೆಟ್ಟರು ಭರವಸೆ ಕೊಟ್ಟರು. ಶನಿವಾರ ಅರ್ಧ ದಿನದ ಕೆಲಸ. ನಾನು ಮೊದಲ ಬಸ್ಸಿಗೆ ಹೋಗಿ ಗುಡಾರ ಹಾಕುವುದು, ಅವರಿಬ್ಬರು ಮನೆಗೆ ಹೋಗಿ ಹೇಳಿ ಮುಂದಿನ ಬಸ್ಸಿಗೆ ಬರುವುದು ಎಂದು ತೀರ್ಮಾನವಾಯಿತು. ಗುಡಾರವೇನೋ ಬಂತು. ಸರ್ವೆ ವಿಭಾಗದವರು ಹಳತಾಯಿತೆಂದು ಮೂಲೆಗೆ ಎಸೆದದ್ದು. ಅದರ ಒಂದು ಮಗ್ಗುಲಲ್ಲಿ ಡಾಂಬರಿನಿಂದ 'ಸರ್ವೆ' ಎಂದು ಮೊಳದುದ್ದದ ಅಕ್ಷರಗಳಲ್ಲಿ ಬರೆದಿತ್ತು. ಆ ಅಕ್ಷರಗಳ ಶಕ್ತಿ ಆಗ ನನಗೆ ತಿಳಿದಿರಲಿಲ್ಲ.

ಮನೆಯೊಡತಿ ಲಲಿತಕ್ಕ ಮೂವರಿಗೆಂದು ಡಬ್ಬಿ ತುಂಬ ಒಗ್ಗರಣೆ ಅವಲಕ್ಕಿ ಮಾಡಿಕೊಟ್ಟರು. ಬಸ್ಸಿನ ತಲೆಯ ಮೇಲೆ ಗುಡಾರ, ತೊಡೆಯ ಮೇಲೆ ಅವಲಕ್ಕಿ ಇಟ್ಟುಕೊಂಡು ಹೊರಟವನಿಗೆ ಅಂದು ದಿಬ್ಬಣಕ್ಕೆ ಹೋಗುವವನ ಉತ್ಸಾಹ. ಗುಡ್ಡೆ ಹತ್ತಿದ ಮೇಲೆ ಮೊದಲ ಸಂಕಟ ಎದುರಾಯಿತು: ಕಲ್ಲಿಗೆ ಗೂಟ ಇಳಿಯುವುದಿಲ್ಲ. ಕಾಲೇಜಿನ ಗುಡಾರವನ್ನು ಮಣ್ಣಿನಲ್ಲಿ ಹಾಕಿದ್ದೆವು ಎಂಬುದು ಆಗ ನೆನಪಾಯಿತು. ಹಗ್ಗಗಳನ್ನು ಎರಡು ಗೇರು ಮರಗಳಿಗೂ ಸಿಕ್ಕಿದ ಕಲ್ಲುಗಳಿಗೂ ಕಟ್ಟಿದೆ. ಗುಡಾರ ಎದ್ದು ನಿಂತಿತು ಎನ್ನಲಾರೆ; ಕಾಯಿಲೆ ಬಿದ್ದ ಎಮ್ಮೆಯಂತೆ ಮಂಡಿಯೂರಿತು. ಒಳಗೆ ಚಾಪೆ ಹಾಸಿ, ಮೂವರ ಜಾಗವನ್ನೂ ಗೊತ್ತುಮಾಡಿ, ಫೆಲಿಕ್ಸನ ಗಿಟಾರಿಗೆ ಒಂದು ಒಣ ಮೂಲೆ ಬಿಟ್ಟು, ರಸ್ತೆ ನೋಡುತ್ತಾ ಕೂತೆ.

ಮೊದಲು ಬಂದದ್ದು ಮೋಡ, ಆಮೇಲೆ ಬಸ್ಸು. ನಾನು ಎದ್ದು ನಿಂತು ಟವೆಲ್ ಬೀಸಿದೆ. ಬಸ್ಸು ನಿಲ್ಲದೆ ಬೆಳ್ತಂಗಡಿ ಕಡೆಗೆ ಹೋಯಿತು. ಅದರ ಹಿಂದೆಯೇ ಗುಡುಗು, ಗುಡುಗಿನ ಹಿಂದೆಯೇ ಮಳೆ. ಬರಬೇಕಾದವರನ್ನು ಬಿಟ್ಟು ಉಳಿದವರೆಲ್ಲ ಬಂದಂತಾಯಿತು. ಗುಡಾರದೊಳಗೆ ಓಡಿದರೆ, ನಾನು ಶೆಟ್ಟರಿಗೆಂದು ಗೊತ್ತುಮಾಡಿದ್ದ ಜಾಗದಲ್ಲಿ ನೀರು ಆಗಲೇ ಬಂದು ಮಲಗಿತ್ತು. ಗಿಟಾರಿನ ಮೂಲೆಯಲ್ಲಿ ಅವಲಕ್ಕಿ ಡಬ್ಬಿಯನ್ನು ತಬ್ಬಿಕೊಂಡು ಕೂತೆ. ಬಟ್ಟೆ ನೆನೆದದ್ದು ದೊಡ್ಡದಲ್ಲ. ಆದರೆ ಮೂವರಿಗಾಗುವಷ್ಟು ಅವಲಕ್ಕಿಯನ್ನು ಹಿಡಿದು ಒಬ್ಬನೇ ಕೂರುವುದಿದೆಯಲ್ಲ, ಆಗ ಮನುಷ್ಯನಿಗೆ ತಾನು ಎಷ್ಟು ಜನ ಅಲ್ಲ ಎಂಬುದು ಸರಿಯಾಗಿ ತಿಳಿಯುತ್ತದೆ.

ಆಗ ಹೊರಗಿನಿಂದ "ಸ್ವಾಮೀ" ಎಂಬ ದನಿ ಕೇಳಿತು. ಓಲೆಕೊಡೆ ಹಿಡಿದ ಐವತ್ತರ ಆಸುಪಾಸಿನ ಒಬ್ಬರು ಬಗ್ಗಿ ಒಳಗೆ ಬಂದರು. ಕೈಯಲ್ಲಿ ಎರಡು ಬೊಂಡ, ಅಂದರೆ ಎಳನೀರು. ನಾನು ಬೇಡವೆನ್ನುವ ಮೊದಲೇ ಒಂದರ ಬಾಯಿ ಕೆತ್ತಿ ಕೈಗಿತ್ತರು. ಕುಶಲ ವಿಚಾರಿಸಿದರು. ನನ್ನ ಊರು ಕೇಳಿದರು, ತಾಯಿ ಇದ್ದಾರಾ ಎಂದು ಕೇಳಿದರು. ಆ ಊರಿಗೆ ಬಂದ ಮೇಲೆ ನನ್ನ ತಾಯಿಯ ವಿಷಯ ಕೇಳಿದ ಮೊದಲಿಗರು ಅವರು. ನನ್ನ ಕಣ್ಣು ತೇವವಾಯಿತು, ಮಳೆಯಿದ್ದುದರಿಂದ ತೊಂದರೆಯಾಗಲಿಲ್ಲ. ಅಷ್ಟರಲ್ಲಿ ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಇಟ್ಟುಕೊಂಡ ಇನ್ನೊಬ್ಬ, ಸ್ವಲ್ಪ ಕಿರಿಯ, ಸೌತೆಕಾಯಿಗಳೊಂದಿಗೆ ಒಳಗೆ ನುಗ್ಗಿದ. ಮೊದಲಿನವರನ್ನು ಕಂಡು ಮುಖ ತಿರುಗಿಸಿ ನನ್ನ ಇನ್ನೊಂದು ಪಕ್ಕಕ್ಕೆ ಕೂತ.

"ಸರ್ವೆ ಸ್ವಾಮಿಯವರು ಬಂದದ್ದು ಒಳ್ಳೆಯದಾಯ್ತು" ಎಂದರು ಹಿರಿಯರು. "ಗಡಿಯ ಹಲಸಿನ ಮರ ನನ್ನ ಪಾಲಿನದ್ದು. ಈ ಮನುಷ್ಯನಿಗೆ ಹೇಳಿ."

"ಕಾಯಿ ಬೀಳುವುದು ನನ್ನ ಜಾಗಕ್ಕೆ" ಎಂದ ಕಿರಿಯ. "ಅವರಿಗೆ ಹೇಳಿ ಸ್ವಾಮಿ."

ಅವರಿಬ್ಬರು ಅಣ್ಣತಮ್ಮಂದಿರು. ಪಾಲಾದ ಮೇಲೆ ಈ ಮರದ ದೆಸೆಯಿಂದ ಮಾತು ಬಿಟ್ಟಿದ್ದರು. ನನ್ನ ಎಡಕಿವಿಗೆ ಹೇಳಿದ ಕನ್ನಡವನ್ನು ನಾನು ಬಲಕ್ಕೆ ತಿರುಗಿ ಅದೇ ಕನ್ನಡದಲ್ಲಿ ಹೇಳಬೇಕು. "ಕಾಯಿ ಅವರ ಜಾಗಕ್ಕೆ ಬೀಳುತ್ತದಂತೆ." "ಬುಡ ನನ್ನಲ್ಲಿ ಉಂಟಂತ ಹೇಳಿ." ನಾನು ಹೇಳಿದೆ. ನಿಜ ಹೇಳಬೇಕೆಂದರೆ ನನಗದು ಹಿತವಾಗಿತ್ತು. ನಾನಿಲ್ಲದೆ ಮಾತೇ ಮುಂದೆ ಸಾಗದ ಒಂದು ಕೂಟದಲ್ಲಿ ನಾನು ಕೂತದ್ದು ಅದೇ ಮೊದಲು. ಅವಲಕ್ಕಿ ಡಬ್ಬಿ ಬಿಚ್ಚಿದೆ. ಇಬ್ಬರೂ ತಿಂದರು, ಒಬ್ಬರ ಕೈ ಇನ್ನೊಬ್ಬರಿಗೆ ತಾಗದಂತೆ.

ಆದರೆ ಹಿರಿಯರು ಕೈ ಒರೆಸಿಕೊಂಡು, "ನೀವು ಗಡಿಕಲ್ಲು ಎಲ್ಲಿ ಹಾಕ್ತೀರೋ ಅಲ್ಲಿಗೆ ನಾನು ಒಪ್ತೇನೆ. ಜಗಳ ಸಾಕು. ನಮ್ಮ ತಾಯಿ ನನ್ನೊಟ್ಟಿಗೆ ಇರುವುದು. ಇವನು ನನ್ನ ಅಂಗಳಕ್ಕೆ ಕಾಲಿಡುವುದಿಲ್ಲ. ಅವರು ದಿನಾ ಸಂಜೆ ಜಗಲಿಯಲ್ಲಿ ಕೂತು ಇವನ ಮನೆಯ ದೀಪ ನೋಡ್ತಾರೆ" ಎಂದಾಗ ನಾನು ಡಬ್ಬಿ ಕೆಳಗಿಟ್ಟೆ. ಬಲಕ್ಕೆ ತಿರುಗಿದೆ. ಇದನ್ನು ನಾನು ಮತ್ತೆ ಹೇಳಬೇಕಾಗಿರಲಿಲ್ಲ. ಕಿರಿಯ ನೆಲ ನೋಡುತ್ತಿದ್ದ. ತಲೆ ಎತ್ತದೆ, "ನಾನೂ ಒಪ್ತೇನೆ. ಎಲ್ಲಿ ಹಾಕ್ತೀರಿ ಹೇಳಿ ಸ್ವಾಮಿ" ಎಂದ.

"ನಾನು ಸರ್ವೆಯವನಲ್ಲ" ಎಂದೆ.

ಕಿರಿಯ ತಲೆ ಹೊರಗೆ ಹಾಕಿ ಗುಡಾರದ ಮೇಲಿನ ಡಾಂಬರಿನ ಅಕ್ಷರಗಳನ್ನು ಇನ್ನೊಮ್ಮೆ ಓದಿದ.

"ಅಲ್ವಾ?" ಎಂದರು ಹಿರಿಯರು. "ಹಾಗಾದ್ರೆ ಈ ಮಳೆಗೆ ಇಲ್ಲಿ ಕೂತದ್ದು ಎಂತಕ್ಕೆ?"

"ಸುಮ್ಮನೆ. ರಾತ್ರಿ ಮಲಗಲಿಕ್ಕೆ."

"ಮನೆ ಇಲ್ವಾ?"

"ಕೋಣೆ ಉಂಟು. ಬಂಟ್ವಾಳದಲ್ಲಿ."

"ಸೋರ್ತದಾ?"

"ಇಲ್ಲ."

ಹಿರಿಯರು ನನ್ನ ತಲೆಯ ಮೇಲಿಂದ ಕಿರಿಯನನ್ನು ನೋಡಿದರು. ಕಿರಿಯ ಹಿರಿಯರನ್ನು ನೋಡಿದ. ಗುಡಾರಕ್ಕೆ ಬಂದ ಮೇಲೆ ಅವರು ಮುಖ ಮುಖ ನೋಡಿಕೊಂಡದ್ದು ಆಗಲೇ. ಮೊದಲು ಕಿರಿಯನ ಹೊಟ್ಟೆ ಅಲುಗಿತು. ಆಮೇಲೆ ಇಬ್ಬರೂ ತೊಡೆ ಬಡಿದುಕೊಂಡು, ಕಣ್ಣೀರು ಬರುವಷ್ಟು ನಕ್ಕರು. ಹಿರಿಯರು ತುಳುವಿನಲ್ಲಿ ಏನೋ ಹೇಳಿದರು. ಅದರಲ್ಲಿ 'ಮರ್ಲ್' ಎಂಬ ಮಾತು ನನಗೆ ತಿಳಿಯಿತು, ಹುಚ್ಚು ಎಂದರ್ಥ. ಕಚೇರಿಯಲ್ಲಿ ನಾನು ಬೇಗ ಕಲಿತ ಪದಗಳಲ್ಲಿ ಅದೊಂದು. ಕಿರಿಯ ಉತ್ತರ ಕೊಟ್ಟ. ಹಿರಿಯರು ಇನ್ನೇನೋ ಕೇಳಿದರು. ನಗು ನಿಂತಿತು, ಮಾತು ನಿಲ್ಲಲಿಲ್ಲ. ನಡುವೆ ಕೂತ ನಾನು ಎಡಕ್ಕೂ ಬಲಕ್ಕೂ ಕತ್ತು ತಿರುಗಿಸುತ್ತಿದ್ದೆ, ಅಭ್ಯಾಸಬಲದಿಂದ. ಇನ್ನು ನನ್ನ ಕೆಲಸವಿರಲಿಲ್ಲ. 'ಅಪ್ಪೆ' ಎಂಬ ಮಾತು ಎರಡು ಮೂರು ಸಲ ಬಂತು. ಅಪ್ಪೆಯೆಂದರೆ ತಾಯಿ. ಕಿರಿಯನ ದನಿ ಅಲ್ಲಿ ಸ್ವಲ್ಪ ಒಡೆಯಿತು. ನಾನು ಮುಖವನ್ನು ಅರ್ಧ ನಗು ಅರ್ಧ ದುಃಖದಲ್ಲಿ ಇಟ್ಟುಕೊಂಡೆ. ಆ ಸಲ ಮಾತ್ರ ಅದು ಸರಿಯಾಗಿ ಹೊಂದಿತು.

ಮಳೆ ಸಣ್ಣದಾಯಿತು. ಹಿರಿಯರು ಎದ್ದು ಓಲೆಕೊಡೆ ಎತ್ತಿಕೊಂಡರು. ತಮ್ಮನ ಕಡೆ ತಿರುಗಿ, "ಬಲ, ಪೋಯಿ" ಎಂದರು. ಬಾ, ಹೋಗುವ ಎಂದು. ಒಂದು ಕ್ಷಣ ನಾನೂ ಏಳಲು ಕಾಲು ಮಡಚಿದೆ. ಅವರು ಹೊರಗೆ ಹೋಗಿದ್ದರು. ಗುಡ್ಡೆಯ ಇಳಿಜಾರಿನಲ್ಲಿ ಒಂದೇ ಕೊಡೆ, ಅದರ ಕೆಳಗೆ ನಾಲ್ಕು ಕಾಲು. ತಮ್ಮನ ಮುಟ್ಟಾಳೆ ಅಣ್ಣನ ಕೊಡೆಗೆ ತಗಲುತ್ತಿದ್ದುದರಿಂದ ಅವನು ಅದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. ಮಾತಿನ ಭರದಲ್ಲಿ ಇಬ್ಬರೂ ಹಿಂದೆ ತಿರುಗಲಿಲ್ಲ. ಅಷ್ಟರಲ್ಲಿ ಗೇರುಮರದ ಹಗ್ಗ ಕಳಚಿ ಗುಡಾರ ನನ್ನ ಮೇಲೆ ಬಿತ್ತು. ಯಾರೂ ನೋಡದ ಕಾರಣ ಅದರ ಹಾಸ್ಯವನ್ನೂ ನಾನೇ ಅನುಭವಿಸಬೇಕಾಯಿತು.

ಒದ್ದೆ ಗುಡಾರ ಹೊತ್ತು ಪುಂಜಾಲಕಟ್ಟೆಗೆ ನಡೆದು ಸಂಜೆಯ ಬಸ್ಸು ಹಿಡಿದೆ. ಸೋಮವಾರ ಶೆಟ್ಟರು, "ಮೋಡ ಕಂಡಿತಲ್ಲ ಮಾರಾಯ್ರೆ, ನೀವೂ ಹೋಗಿರಲಿಕ್ಕಿಲ್ಲ ಅಂತ ಗ್ರಹಿಸಿದೆವು" ಎಂದು ನಿಜವಾಗಿಯೂ ನೊಂದುಕೊಂಡರು. ಅವರನ್ನು ಸಮಾಧಾನಪಡಿಸುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಶನಿವಾರ ಸಂಜೆ, ಲಲಿತಕ್ಕ ಖಾಲಿ ಡಬ್ಬಿಯ ಮುಚ್ಚಳ ತೆಗೆದು ಸಂತೋಷಪಟ್ಟಾಗ.

"ಪೂರ್ತಿ ಖಾಲಿ! ಸ್ನೇಹಿತರು ಬಂದಿದ್ರಲ್ಲ?"

"ಬಂದಿದ್ದರು" ಎಂದೆ. "ಇಬ್ಬರು."

"ಯಾರ ಮನೆಯವರು? ಹೆಸರು ಎಂತ?"

ಕೇಳಿರಲಿಲ್ಲ. ಅವರೂ ನನ್ನ ಹೆಸರು ಕೇಳಿರಲಿಲ್ಲ. ಹೀಗಾಗಿ ಆ ಗುಡ್ಡೆಯ ಬುಡದ ಯಾವುದೋ ಮನೆಯ ಜಗಲಿಯಲ್ಲಿ, ಮಳೆ ಬಂದಾಗಲೆಲ್ಲ ಹುಚ್ಚನೊಬ್ಬನ ಸುದ್ದಿ ಬಂದು ಅಣ್ಣ, ತಮ್ಮ, ತಾಯಿ ಮೂವರೂ ನಗುತ್ತಿದ್ದಿರಬಹುದು. ಆ ಹುಚ್ಚನನ್ನು ಒಮ್ಮೆ ಊಟಕ್ಕೆ ಕರೆಯಬೇಕಿತ್ತು ಎಂದು ಅವರಿಗೂ ಅನಿಸಿರಬಹುದು. ಲಲಿತಕ್ಕ ಉತ್ತರಕ್ಕೆ ಕಾಯುತ್ತಿದ್ದರು. ನಾನು ಒದ್ದೆ ಅಂಗಿ ಹಿಂಡುತ್ತಾ, "ತುಂಬ ಹತ್ತಿರದವರು" ಎಂದೆ.