ಸಾವುಕಾರರ ಮಗ ಪುಣೆಯಲ್ಲಿ ಬಾಳ್ವೆ ಕಲಿತದ್ದು

ಕಾಲೇಜು ಹುಡುಗರಿಗೆ ಊಟ ಹಾಕುವವನ ಬಾಳಿನಲ್ಲಿ ಸಂಶಯಕ್ಕೆ ರಜೆಯೇ ಇಲ್ಲ. ಹುಡುಗ ಸುಮ್ಮನಿದ್ದರೂ ಸಂಶಯ, ನಕ್ಕರೂ ಸಂಶಯ. ಎರಡನೇ ಸಲ ಅನ್ನ ಬೇಡ ಅಂದನೋ, ಎಲ್ಲೋ ತಿಂದು ಬಂದಿದ್ದಾನೆ ಅಂತ ಇನ್ನೂ ದೊಡ್ಡ ಸಂಶಯ. ನಾನು ಸಾಲಿ ಮೆಟ್ಟಿಲು ಹತ್ತಿದವನಲ್ಲ. ಆದರೆ ಬ್ರಿಟಿಷರ ಕಾಲದಲ್ಲಿ ಪುಣೆಯ ಪೇಟೆಯೊಳಗೆ ನನ್ನ ಖಾನಾವಳಿ ಅಂದರೆ ಧಾರವಾಡ, ಬೆಳಗಾವಿ ಕಡೆಯ ಹುಡುಗರಿಗೆಲ್ಲ ಎರಡನೇ ಮನೆ. ನಾನು ರೊಟ್ಟಿ ಬಡಿಯಲು ಕೂತರೆ ಆ ಸಪ್ಪಳಕ್ಕೆ ಲಷ್ಕರದ ಗೋರಾ ಪಲ್ಟನ್ ಹೆಜ್ಜೆ ಹಾಕುತ್ತಿತ್ತು. ಒಂದು ದಿನ ನನಗೆ ಜ್ವರ ಬಂತು, ಅವತ್ತು ಕವಾಯತೇ ನಡೆಯಲಿಲ್ಲ. ಬೇಕಾದರೆ ಆ ಪಲ್ಟನ್ನಿನವರನ್ನೇ ಕೇಳಿ. ಅವರು ವಿಲಾಯತಿಗೆ ಹೋಗಿಬಿಟ್ಟಿದ್ದಾರೆ, ಅದು ಬೇರೆ ಮಾತು.

ಒಮ್ಮೆ ಧಾರವಾಡ ಕಡೆಯ ಹತ್ತಿ ವ್ಯಾಪಾರದ ಸಾವುಕಾರರೊಬ್ಬರು ತಮ್ಮ ಒಬ್ಬನೇ ಮಗನನ್ನು ತಂದು ನನ್ನ ಖಾನಾವಳಿಯ ಮೇಲಿನ ಖೋಲಿಯಲ್ಲಿ ಇಳಿಸಿದರು. ಕುಡಿಯುವ ನೀರನ್ನೂ ಆಳಿನ ಕೈಯಿಂದ ತರಿಸಿಕೊಂಡು ಬೆಳೆದ ಹುಡುಗ.

"ದೀಪಾವಳಿಗೆ ಬರ್ತೀನಿ," ಅಂದರು ಸಾವುಕಾರರು. "ತನ್ನ ಅರಿವಿ ತಾ ಒಗಕೊಂಡು, ಸಂತಿ ತಾ ಮಾಡ್ಕೊಂಡು, ನಾಕು ಮಂದ್ಯಾಗ ಬಾಳ್ವೆ ಮಾಡೂದು ಕಲ್ತಿದ್ರ ಓದ್ಲಿ. ಇಲ್ಲಂದ್ರ ಅವತ್ತ ಟ್ರಂಕ್ ಹೊರಿಸಿ ಒಯ್ದು ಅಂಗಡ್ಯಾಗ ಕುಂದ್ರಸ್ತೀನಿ. ನಿಮ್ಮ ಕಣ್ಣಿರ್ಲಿ. ಈ ಪುಣೆ ಮ್ಯಾಲೆ ನನಗ ನಂಬಿಗಿ ಇಲ್ಲ."

"ನನಗೂ ಇಲ್ರಿ," ಅಂದೆ.

ಟಾಂಗಾ ಮರೆಯಾಗುತ್ತಲೇ ಹುಡುಗ ನನ್ನ ಕೈ ಹಿಡಿದ. "ಮಾಮಾ, ಹೆಂಗರ ಮಾಡಿ ಕಲಸ್ರಿ. ನನಗ ಅಂಗಡಿ ಬ್ಯಾಡ್ರಿ, ಓದಬೇಕು."

ಇಷ್ಟು ಸಂಭಾವಿತನಾಗಿ ಮಾತಾಡುವ ಹುಡುಗನ ಮೇಲೆ ನನಗೆ ಆಗಲೇ ಸಂಶಯ ಬಂತು.

ಬುಟ್ಟಿಯ ಮುದುಕಿ

ಮೊದಲ ಪಾಠ ಸಂತೆಯದು. ಬಾಳೆಹಣ್ಣು ತಾ ಅಂತ ಮುಂಜಾನೆ ಕಾಯಿಪಲ್ಲೆ ಸಂತೆಗೆ, ಅಂದರೆ ಮಂಡಈಗೆ, ಕಳಿಸಿದೆ. ಮಧ್ಯಾಹ್ನ ಬರಿಗೈಯಲ್ಲಿ ಬಂದ. ನಾಟಕದ ಕಂಪನಿಯವರ ತಾಲೀಮು ನೋಡಲು ಹೋಗಿದ್ದಾನೆ ಅಂತ ನಾನು ಗುರುತು ಹಿಡಿದೆ.

"ಎಲ್ಲಿ ಸತ್ತಿದ್ದ್ಯೋ ಇಷ್ಟೊತ್ತು?"

"ಮಂಡಈದಾಗ ಒಬ್ಬ ಮುದುಕಿ ಬುಟ್ಟಿ ಇಟ್ಕೊಂಡು 'ಕೇಳಿ, ಕೇಳಿ' ಅಂತ ಒದರಾಕತ್ತಿದ್ಲು ಮಾಮಾ. ಹಿರೇರು ಅಷ್ಟು ಮರ್ಯಾದಿಯಿಂದ ಕರದ್ರ ಹೆಂಗ ಬರೂದು? 'ಹೇಳ್ರಿ ಆಯಿ' ಅಂತ ಕೈ ಕಟ್ಕೊಂಡು ನಿಂತೆ. ಆಕಿ ಏನೂ ಹೇಳವಲ್ಲಳು, ಮತ್ತ 'ಕೇಳಿ' ಅಂತಾಳ."

ಮರಾಠಿಯಲ್ಲಿ 'ಕೇಳಿ' ಅಂದರೆ ಬಾಳೆಹಣ್ಣು ಅಂತ ಈ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ.

"ಅಲ್ಲೋ, ಬುಟ್ಟಿ ತುಂಬ ಬಾಳೆಹಣ್ಣು ಕಣ್ಣಿಗೆ ಕಾಣಲಿಲ್ಲೇನು?"

"ಕಂಡ್ವು ಮಾಮಾ. ಆಕಿ ಹೇಳೂದು ಮುಗೀಲಿ, ಆಮ್ಯಾಲೆ ತಗೊಳ್ಳೂಣಂತ ನಿಂತಿದ್ದೆ."

ಹೊಳೆಯ ದಂಡೆ

ಕೆಲವು ದಿನ ಕಳೆದವು. ಹುಡುಗ ದಿನಾ ಮುಂಜಾನೆ ಬಗಲಲ್ಲಿ ಒಂದು ಗಂಟು ಹಿಡಿದು ಮಾಯವಾಗತೊಡಗಿದ. ನನ್ನ ತಾಟು, ಬಟ್ಟಲು ಒಯ್ದು ಮಾರುತ್ತಿದ್ದಾನೆ! ಬೆನ್ನು ಹತ್ತಿದೆ. ನಾನು ನಡೆದರೆ ನನ್ನ ನೆರಳಿಗೂ ಸುಳಿವು ಹತ್ತುವುದಿಲ್ಲ, ಅಂಥ ನಡಿಗೆ ನನ್ನದು.

ಅವನು ಮುಠಾ ಹೊಳೆಗೆ ಇಳಿದ. ನಾನು ಗಿಡದ ಮರೆಗೆ ಕೂತೆ. ಗಂಟು ಬಿಚ್ಚಿದ, ಒಳಗೆ ಅವನವೇ ಮೈಲಿಗೆ ಧೋತರ! ಒಗೆಯುವುದನ್ನು ಕಲಿಯುತ್ತಿದ್ದ. ಅಷ್ಟರಲ್ಲಿ ಅಲ್ಲಿ ಅರಿವಿ ಒಗೆಯುತ್ತಿದ್ದ ಹೆಂಗಸರು ಗಿಡದ ಹಿಂದಿನ ನನ್ನ ಮೀಸೆ ನೋಡಿಬಿಟ್ಟರು. ಎಲ್ಲರೂ ಒಮ್ಮೆಲೇ ಚೀರಿ ಎದ್ದು ನಿಂತರು.

ಹುಡುಗ ಓಡಿಬಂದ. 'ಇವರು ನನ್ನನ್ನ ದಿನಾ ನೋಡ್ಕೊಳ್ತಾರ, ಒಳ್ಳೇವರು' ಅಂತ ಹೇಳಿ ನನ್ನ ಮರ್ಯಾದೆ ಉಳಿಸಬೇಕೆಂದಿದ್ದ. ಆದರೆ ಅವನು ಕಲಿತ ಮರಾಠಿ ಅಷ್ಟೊಂದು ದೂರ ಹೋಗಲಿಲ್ಲ. ಎರಡೂ ಕೈ ಎತ್ತಿ ಕೂಗಿದ: "ಹೇ ರೋಜ ಬಘತಾತ!"

ಹಾಗಂದರೆ, 'ಇವರು ದಿನಾ ನೋಡ್ತಾರ!'

ಹಸಿ ಸೀರೆಗಳು ಬೆನ್ನ ಮೇಲೆ ಬೀಳುವ ಮೊದಲೇ ನಾನು ಓಡಿದ ಓಟಕ್ಕೆ, ಮುಂಬಯಿಗೆ ಹೊರಟಿದ್ದ ಮೇಲ್ ಗಾಡಿ ಹಿಂದೆ ಬಿತ್ತು.

ಹೊಗೆ

ದೀಪಾವಳಿ ಹತ್ತಿರ ಬಂತು. ಒಂದು ಸಂಜೆ ಹುಡುಗನ ಖೋಲಿಯ ಸಂದಿಯಿಂದ ಹೊಗೆ! ಬೀಡಿ! ಮಗ ಕೆಟ್ಟ, ನನ್ನ ಹೆಸರೂ ಕೆಟ್ಟಿತು ಅಂದುಕೊಂಡು ಮೆಟ್ಟಿಲು ಹಾರಿ ಹೋಗಿ ಒಂದೇ ಒದೆ. ಸಾಗವಾನಿ ಬಾಗಿಲು ಎರಡು ಹೋಳಾಯಿತು.

ಹುಡುಗ ನನ್ನ ತಂಬಿಗೆಯಲ್ಲಿ ಕೆಂಡ ತುಂಬಿ, ತನ್ನ ಕೋಟಿಗೆ ಇಸ್ತ್ರಿ ಮಾಡುತ್ತಿದ್ದ.

"ಅಪ್ಪ ಬರ್ತಾರಲ್ರಿ ಮಾಮಾ, ಅದಕ್ಕ," ಅಂದ. ಆಮೇಲೆ ಬಾಗಿಲಿನ ಹೋಳು ನೋಡಿ ಮೆಲ್ಲಗೆ ಅಂದ: "ಚಿಲಕ ಹಾಕಿರಲಿಲ್ರಿ."

ಮಂಡಈಯ ಪರೀಕ್ಷೆ

ಸಾವುಕಾರರು ಬಂದರು. ಮರಾಠಿ ಒಂದಕ್ಷರ ಬಾರದು. ಮಗನ ಕೋಟು ನೋಡಿದರು, ಒಗೆದ ಧೋತರ ಮೂಸಿ ನೋಡಿದರು. "ಇದು ಬಾಡಿಗಿ ಅಗಸನ ಕೆಲಸ ಇರಬೇಕು," ಅಂದರು. "ನಡಿ ಮಂಡಈಗೆ. ನನ್ನ ಕಣ್ಮುಂದ ಸಂತಿ ಮಾಡು."

ಬದನೆಕಾಯಿ ಮಾರುವವನ ಮುಂದೆ ಹುಡುಗ ಕೂತ. ಎಳೆಯ ಕಾಯಿ ಯಾವುದು, ಬಲಿತದ್ದು ಯಾವುದು ಅಂತ ಮಾರುವವನು ಮರಾಠಿಯಲ್ಲಿ ಬಿಡಿಸಿ ಹೇಳಿ, ಕೊನೆಗೆ ಕೇಳಿದ: "ಕಳ್ಳ ಕಾ?"

ತಿಳಿಯಿತೇ, ಅಂತ ಅದರ ಅರ್ಥ. ಹುಡುಗ ತಲೆಯಾಡಿಸಿದ: "ಕಳ್ಳ, ಕಳ್ಳ."

ಸಾವುಕಾರರ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಮುಂದೆ ಕೊತ್ತಂಬರಿಯಾಕೆ: "ಕಳ್ಳ ಕಾ?" ಹುಡುಗ ಖುಷಿಯಿಂದ: "ಕಳ್ಳ!"

"ಹಡಬಿಟ್ಟಿ!" ಸಾವುಕಾರರು ಅವನ ಕೊರಳಪಟ್ಟಿ ಹಿಡಿದರು. "ಪುಣೆ ಮಂದಿಗೆಲ್ಲ ಗೊತ್ತಾಗೇದ! ಮ್ಯಾಲೆ ನೀನ ಒಪ್ಕೊಳ್ಳಾಕತ್ತೀಯಲ್ಲೋ! ಓದು ಸಾಕು, ನಡಿ ಊರಿಗೆ!" ನನ್ನ ಕಡೆ ತಿರುಗಿದರು. "ಇದರಾಗ ನಿಮ್ಮ ಪಾಲೆಷ್ಟ್ರಿ ಮಾಲಕರ?"

ಗದ್ದಲಕ್ಕೆ ಪೊಲೀಸ್ ಹವಾಲ್ದಾರ ಬಂದ. ಪುಣೆಯ ಹವಾಲ್ದಾರರೆಲ್ಲ ನನ್ನನ್ನು ಕಂಡರೆ ನಡುಗುತ್ತಿದ್ದರು, ಪಾಪ ನಡುಗಬಾರದಂತ ನಾನು ಗೋಬಿಗಡ್ಡೆಯ ರಾಶಿಯ ಹಿಂದೆ ಸರಿದೆ. ಅವನು ಸಾವುಕಾರರ ಎದೆಗೆ ಲಾಠಿ ತಗಲಿಸಿ, ಸಂತೆಯಲ್ಲಿ ಕೂಗಾಡಬೇಡ ಅಂತ ಮರಾಠಿಯಲ್ಲಿ ಗದರಿಸಿ ಕೇಳಿದ: "ಕಳ್ಳ ಕಾ?"

"ನಾನಲ್ರೀ ಸಾಹೇಬ್ರ!" ಸಾವುಕಾರರು ಕೊರಳಪಟ್ಟಿ ಹಿಡಿದೇ ಮಗನನ್ನು ಮುಂದೆ ನೂಕಿದರು. "ನಾ ಅಲ್ಲ, ಇಂವ! ಈಗರ ಒಪ್ಕೊಂಡಾನ!"

ಆಗ ಹುಡುಗ ಕೊರಳು ಬಿಡಿಸಿಕೊಂಡು, ಹವಾಲ್ದಾರನಿಗೆ ಚೊಕ್ಕ ಮರಾಠಿಯಲ್ಲಿ ಎಲ್ಲ ಬಿಡಿಸಿ ಹೇಳಿದ. ಹವಾಲ್ದಾರ ಹೊಟ್ಟೆ ಹಿಡಿದು ನಕ್ಕು ಹೋದ. "ಅಪ್ಪಾ," ಅಂದ ಹುಡುಗ, "ಇವರು ಕಳ್ಳ ಅಂದ್ರ ಕಳ್ಳ ಅಲ್ಲ. ತಿಳೀತು ಅಂತ."

ಸಾವುಕಾರರು ಮಗನ ಕೊರಳಪಟ್ಟಿ ನೆಟ್ಟಗೆ ಮಾಡಿದರು. ಪೊಲೀಸನ ಕೈಯಿಂದ ಅಪ್ಪನನ್ನು ಬಿಡಿಸಿದವನಿಗೆ ಇನ್ನೇನು ಬಾಳ್ವೆ ಕಲಿಸುವುದು? "ಬದನಿಕಾಯಿ ಚೀಲ ಹಿಡಕೋ," ಅಂದರು. "ಓದು."

ಮರುದಿನ ನಾವಿಬ್ಬರೂ ಅವರನ್ನು ಬೆಳಗಾವಿ ಕಡೆಯ ಗಾಡಿ ಹತ್ತಿಸಿದೆವು. ಡಬ್ಬಿ ತುಂಬ ನಮ್ಮ ಕಡೆಯ ಕನ್ನಡ ಮಂದಿ. ಟಿಕೆಟ್ಟಿನವನು ಬಂದು, ಗಾಡಿ ಎಲ್ಲಿ ಬದಲಿಸಬೇಕು ಅಂತ ಮರಾಠಿಯಲ್ಲಿ ಹೇಳಿ, "ಕಳ್ಳ ಕಾ?" ಅಂದ.

ಸಾವುಕಾರರು ಈಗ ಮೋಸ ಹೋಗುವವರೇ? ಎದೆ ಉಬ್ಬಿಸಿ ಡಬ್ಬಿಗೆಲ್ಲ ಕೇಳುವಂತೆ ಅಂದರು: "ಕಳ್ಳ, ಕಳ್ಳ! ನಾನೂ ಕಳ್ಳ! ಅಲ್ಲಿ ಕೆಳಗ ನಿಂತಾನಲ್ಲ ನನ್ನ ಮಗ, ಅಂವ ನನಗಿಂತ ದೊಡ್ಡ ಕಳ್ಳ! ಪುಣೆಯೊಳಗ ಕಲ್ತಾನ!"

ಗಾಡಿ ಹೊರಟಿತು. ಇಡೀ ಡಬ್ಬಿಯ ಮಂದಿ ತಮ್ಮ ತಮ್ಮ ಗಂಟು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡದ್ದು ನನ್ನ ಕಣ್ಣಿಗೆ ಬಿತ್ತು.