ತಿನ್ನುವ ಜಾಗದಲ್ಲಿ ನಾಯಿ

ಗಂಡನೊಡನೆ ವಾದಿಸುವುದರಲ್ಲಿ ಎಂಥ ಸುಖವಿತ್ತೆಂಬುದು ಎದುರು ವಾದಿಸುವವರು ಇಲ್ಲವಾದ ಮೇಲಷ್ಟೇ ತಿಳಿಯುತ್ತದೆ. ನಮ್ಮ ಮನೆಯಲ್ಲಿ ವರ್ಷಗಟ್ಟಲೆ ನಡೆದ ವಾದ ಒಂದೇ: ಹೋಟೆಲಿಗೆ ನಾಯಿಯನ್ನು ಕರೆದುಕೊಂಡು ಹೋಗಬಹುದೋ, ಕೂಡದೋ. ನಮ್ಮವರು ತಾಲ್ಲೂಕು ಕಚೇರಿಯಿಂದ ನಿವೃತ್ತರಾದವರು. ದಿನಾ ಬೆಳಿಗ್ಗೆ ಗುಂಡನೆಂಬ ನಮ್ಮ ನಾಟಿ ನಾಯಿಗೆ ಸರಪಳಿ ಹಾಕಿಕೊಂಡು ವಾಕಿಂಗ್ ಎಂದು ಹೊರಟರೆ, ಮದ್ದೂರು ಪೇಟೆಬೀದಿಯ ಪುಟ್ಟಸ್ವಾಮಿ ಹೋಟೆಲಿನಲ್ಲಿ ಒಂದು ಗಳಿಗೆ ಕೂರದೆ ವಾಪಸು ಬರುತ್ತಿರಲಿಲ್ಲ. ಜನ ತಿನ್ನುವ ಜಾಗದಲ್ಲಿ ನಾಯಿಯೇಕೆ, ಕೂದಲು ಸಾಂಬಾರಿಗೆ ಬಿದ್ದರೆ ಗತಿಯೇನು ಎಂದು ನಾನು ಹೈಸ್ಕೂಲಿನಲ್ಲಿ ಪಾಠ ಮಾಡಿ ಪಳಗಿದ ಗಂಟಲಿನಲ್ಲಿ ಕೇಳುತ್ತಿದ್ದೆ. ಗುಂಡನಿಗೆ ರೂಢಿಯಾಗಿಬಿಟ್ಟಿದೆ ಎಂದು ಅವರು ಚಪ್ಪಲಿ ಮೆಟ್ಟುತ್ತಿದ್ದರು. ಈ ಸಲದ ಮಳೆಗೆ ಮುಂಚೆ ಅವರು ತೀರಿಹೋದರು. ವಾದ ನನ್ನ ಪರವಾಗಿಯೇ ತೀರ್ಮಾನವಾಯಿತು ಎನ್ನಬೇಕು.

ಗುಂಡ ಊಟ ಬಿಟ್ಟಿತು. ಹಾಲನ್ನ ಇಟ್ಟರೆ ಮೂಸಿ, ಗೇಟಿನ ಬಳಿ ಹೋಗಿ ಮಲಗುತ್ತಿತ್ತು. ಪಶುವೈದ್ಯರು ಬಾಯಿ, ಹೊಟ್ಟೆ ಎಲ್ಲ ನೋಡಿ ಕಾಯಿಲೆಯೇನೂ ಇಲ್ಲ, ಯಜಮಾನರ ಕೊರಗು, ಹೀಗೇ ಬಿಟ್ಟರೆ ಉಳಿಯುವುದು ಕಷ್ಟ ಎಂದರು. ಮನೆಯಿಂದ ಇನ್ನೊಂದು ಜೀವವನ್ನು ಕಳಿಸುವ ಶಕ್ತಿ ನನಗಿರಲಿಲ್ಲ. ಮರುದಿನ ಬೆಳಿಗ್ಗೆ ನಾನೇ ಸರಪಳಿ ಹಿಡಿದೆ. ಅದನ್ನು ನಾನು ಕರೆದುಕೊಂಡು ಹೋದೆ ಎಂದರೆ ಸುಳ್ಳು. ಅದೇ ನನ್ನನ್ನು ಎಳೆದುಕೊಂಡು ಹೋಯಿತು. ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದರಲ್ಲಿ ಸರಪಳಿ. ಹಳೆಯ ವಿದ್ಯಾರ್ಥಿಯೊಬ್ಬ ಬೈಕು ನಿಲ್ಲಿಸಿ ನಮಸ್ಕಾರ ಎಂದರೆ ತಿರುಗಿ ಕೈ ಮುಗಿಯಲೂ ಕೈಯಿಲ್ಲ.

ಹೋಟೆಲಿಗೆ ಹೊಸ ಟೈಲ್ಸ್ ಬಂದಿತ್ತು. ಪುಟ್ಟಸ್ವಾಮಿ ಗಲ್ಲಾ ಬಿಟ್ಟು ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತ.

“ಸಾಯೇಬ್ರು ಇದ್ದಾಗ ಬುಡ್ತಿದ್ದೊ ಟೀಚರಮ್ಮ. ಈಗ ಮಕ್ಳುಮರಿ ಕಟ್ಕಂಡು ಬತ್ತಾರೆ, ಜನ ಒಪ್ಪಾಕಿಲ್ಲ ಕಣಮ್ಮ.”

ಅವನು ಆಡಿದ್ದು ನನ್ನದೇ ಮಾತು. ಒಳಗಿದ್ದ ಅರ್ಚಕರೊಬ್ಬರು ನಾಯಿ ಬಂದರೆ ತಾವು ಎದ್ದು ಹೋಗುವುದಾಗಿ ತಿಳಿಸಿದರು. ಪಕ್ಕದ ಮೇಜಿನವನು, ತಟ್ಟೆಯಲ್ಲೇ ಕೈ ತೊಳೆಯುವ ಮನುಷ್ಯರಿಗಿಂತ ನಾಯಿ ವಾಸಿ ಎಂದ. ಅರ್ಚಕರು ಕೈ ತೊಳೆಯುತ್ತಿದ್ದದ್ದು ತಟ್ಟೆಯಲ್ಲೇ ಆದ್ದರಿಂದ ಮಾತು ಬೆಳೆಯಿತು. ನಾನು ಇಬ್ಬರಿಗೂ ಹೌದು, ನಿಜ ಎಂದು ತಲೆಯಾಡಿಸುತ್ತ ನಿಂತಿದ್ದೆ. ಅಷ್ಟರಲ್ಲಿ ಗುಂಡ ಸರಪಳಿ ಕೊಸರಿಕೊಂಡು ಒಳಗೆ ನುಗ್ಗಿ, ಮೂಲೆ ಮೇಜಿನ ಕೆಳಗೆ ತೂರಿ, ಅಲ್ಲಿ ದೋಸೆ ತಿನ್ನುತ್ತಿದ್ದವರೊಬ್ಬರ ಪಾದದ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿತು. ಅವರು ಟ್ರ್ಯಾಕ್ಟರಿನ ಏನೋ ಭಾಗ ಕೊಳ್ಳಲು ಕೊಪ್ಪದಿಂದ ಬಂದ ರೈತರಂತೆ. ನಾನು ಓಡಿಹೋಗಿ ಸರಪಳಿಗೆ ಕೈ ಹಾಕಿದೆ. ಇದರ ಯಜಮಾನರು ಕೂರುತ್ತಿದ್ದ ಜಾಗ, ಈಗ ಅವರಿಲ್ಲ ಎಂದೆ. ರೈತರು ಕಾಲು ಕದಲಿಸಲಿಲ್ಲ.

“ಮಲಗ್ಲಿ ಬುಡಿ,” ಎಂದರು, ಮೆಲ್ಲಗೆ.

ದೋಸೆ ಮುಗಿದ ಮೇಲೂ ಅವರು ಏಳಲಿಲ್ಲ. ಒಂದು ಕಾಫಿ ತರಿಸಿಕೊಂಡರು. ಅದು ಮುಗಿದ ಮೇಲೆ ಇನ್ನೊಂದು. ಎದ್ದು ಹೋಗುತ್ತೇನೆಂದಿದ್ದ ಅರ್ಚಕರೂ ಕೂತೇ ಇದ್ದರು. ಕೊನೆಗೆ ಬಸ್ಸಿಗೆ ಹೊತ್ತಾಯಿತೆಂದು ರೈತರು ಹೊರಟಾಗ ಗುಂಡ ತಲೆಯೆತ್ತಿ ಮುಖ ನೋಡಿತು. ಬೇಕಾದ ಮುಖವಲ್ಲ. ಎದ್ದು ತಾನಾಗಿಯೇ ಹೊರಗೆ ಬಂದುಬಿಟ್ಟಿತು.

ಪುಟ್ಟಸ್ವಾಮಿಗೂ ಕಸಿವಿಸಿಯಾಗಿರಬೇಕು. ಹೊರಗೆ ಜಗಲಿಯಲ್ಲಿ ಬೆಂಚು ಹಾಕಿಸಿ, ಇಲ್ಲಿ ದಿನಾ ಕೂತರೂ ಯಾರ ತಕರಾರೂ ಇಲ್ಲ ಎಂದ. ಕೇಳದೆಯೇ ಎರಡು ಎಲೆ ತಂದ, ಒಂದು ನನಗೆ, ಒಂದು ಗುಂಡನಿಗೆ. ಎಲೆಯಲ್ಲಿದ್ದ ಇಡ್ಲಿಯನ್ನು ಗುಂಡ ಮೂಸಲೂ ಇಲ್ಲ, ನೇರ ತಿಂದಿತು. ನನ್ನ ಕಣ್ಣು ತುಂಬಿತು. ಇದಕ್ಕೆ ಇಡ್ಲಿಯ ರೂಢಿ ಯಾರು ಮಾಡಿಸಿದರಪ್ಪ ಎಂದೆ. ಅವನು ಹೇಳಲೋ ಬೇಡವೋ ಎಂದು ಹೆಗಲಿನ ಟವೆಲು ಸರಿಮಾಡಿಕೊಂಡ.

“ಬೇಜಾರ್ ಮಾಡ್ಕಬ್ಯಾಡಿ. ಸಾಯೇಬ್ರು ಎಲ್ಡು ತಿಂದು ಇದುಕ್ಕೊಂದು ಆಕೋರು. ಮನೇಲಿ ಉಪ್ಪಿಟ್ಟು ತಿನ್ನಕ್ಕೆ ಮುಂಚೆ ಒಸಿ ಧೈರ್ಯ ಬರ್ಲಿ ಕಣಯ್ಯ ಅನ್ನೋರು.”

ಇಷ್ಟು ವರ್ಷ ನಾನು ವಾದಿಸಿದ್ದು ನಾಯಿಯ ಬಗ್ಗೆ. ಅವರು ವಾದಿಸಿದ್ದು ನನ್ನ ಉಪ್ಪಿಟ್ಟಿನ ಬಗ್ಗೆ. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ. ಈಗ ತಿರುಗಿ ಉತ್ತರ ಕೊಡೋಣವೆಂದರೆ ಆಸಾಮಿ ಇಲ್ಲ. ನನ್ನ ಎಲೆಯ ಇಡ್ಲಿ ಮುರಿದು ಬಾಯಿಗಿಟ್ಟುಕೊಂಡು, ಏನಾದರೂ ಕೊರತೆ ಸಿಕ್ಕೀತೇನೋ ಎಂದು ನಿಧಾನವಾಗಿ ಅಗಿದೆ. ಸಿಗಲಿಲ್ಲ. ಕಣ್ಣೊರೆಸಿಕೊಂಡು, ಪುಟ್ಟಸ್ವಾಮಿಯನ್ನು ಕರೆದು, ಇನ್ನೊಂದು ಪ್ಲೇಟು ತರಲು ಹೇಳಿದೆ.